ಪರದೆ ಹಿಂದೆ ಕೂತವರನ್ನ ಹುಡುಕ್ಕೊಂಡು: ಲಿಂಕನ್‌ನಿಂದ ಪೊಜ್ನಾನ್‌ವರೆಗೆ

ಎರಡನೇ ಮಹಾಯುದ್ಧದ ಬಾಂಬರ್ ವಿಮಾನ ಅಂದ್ರೆ ಎಲ್ರಿಗೂ ಮೊದ್ಲು ನೆನಪಾಗೋದು ಪೈಲಟ್, ಆಮೇಲೆ ಬಾಲದಲ್ಲಿ ಕೂತ ಗನ್ನರ್. ನನ್ನ ತಲೇಲಿ ವರ್ಷಗಟ್ಟಲೆಯಿಂದ ಕೂತಿರೋದು ನ್ಯಾವಿಗೇಟರ್, ಅಂದ್ರೆ ವಿಮಾನಕ್ಕೆ ದಾರಿ ಲೆಕ್ಕ ಹಾಕಿ ಹೇಳೋನು. ಅದ್ರಲ್ಲೂ ಎರಿಕ್ ವಿಲಿಯಮ್ಸ್ ಅನ್ನೋ ಇಂಗ್ಲಿಷ್ ನ್ಯಾವಿಗೇಟರ್, 1942ರ ಡಿಸೆಂಬರ್‌ನಲ್ಲಿ ಸ್ಟರ್ಲಿಂಗ್ ಬಾಂಬರ್‌ನಲ್ಲಿ ಹೋಗಿ ಜರ್ಮನಿ ಮೇಲೆ ವಿಮಾನ ಬಿದ್ದು, ಮೂರು ದಿನ ತಲೆಮರೆಸ್ಕೊಂಡು ಓಡಾಡಿ ಆಮೇಲೆ ಸಿಕ್ಕಿಬಿದ್ದು, ಮುಂದಿನ ವರ್ಷ ಒಂದು ಮರದ ಕುದುರೆ ಕೆಳಗಿಂದ ಸುರಂಗ ತೋಡಿ ತಪ್ಪಿಸ್ಕೊಂಡೋನು. ಈ ಏಪ್ರಿಲ್‌ನಲ್ಲಿ ಅಂಥೋರು ಓಡಾಡಿದ ಜಾಗಗಳನ್ನ ನೋಡ್ಬೇಕು ಅಂತ ಹೊರಟೆ, ಜೊತೆಗೆ ನಮ್ಮ ಅಕ್ಕನ ಯಜಮಾನ್ರು, ನನ್ನ ಭಾವ. ಅವರು ಇಂಡಿಯನ್ ಏರ್ ಫೋರ್ಸ್‌ನಲ್ಲಿ ಏರ್‌ಮನ್ ಆಗಿದ್ದೋರು, ಆಗ್ರಾದಲ್ಲಿ ಕ್ಯಾನ್‌ಬರಾ ಬಾಂಬರ್‌ಗಳ ಕೆಲಸ ಮಾಡಿದ್ದೋರು, ಮೈಸೂರಿನಿಂದ ನಮ್ಮನೆಗೆ ಬಂದಿದ್ರು. ಹೀಗೀಗೆ ಅಂತ ಹೇಳಿದ್ದೇ ತಡ, ಬ್ಯಾಗ್ ರೆಡಿ ಮಾಡ್ಕೊಂಡು ಬಿಟ್ರು.

ಶುಕ್ರವಾರ, ಲಿಂಕನ್

ಲಂಡನ್ನಿಂದ ರೈಲಲ್ಲಿ ಲಿಂಕನ್ ತಲುಪಿದಾಗ ಮಧ್ಯಾಹ್ನ. ಊಟ ಮುಗಿಸಿ ಸೀದಾ ಕ್ಯಾನ್‌ವಿಕ್ ಹಿಲ್ ಮೇಲಿರೋ ಇಂಟರ್‌ನ್ಯಾಷನಲ್ ಬಾಂಬರ್ ಕಮಾಂಡ್ ಸೆಂಟರ್‌ಗೆ ಹೋದ್ವಿ. 2018ರಲ್ಲಿ ಶುರುವಾದ ಜಾಗ. ಮಧ್ಯದಲ್ಲಿ ಒಂದು ಉಕ್ಕಿನ ಗೋಪುರ, ಎತ್ತರ 31 ಮೀಟರ್ ಚಿಲ್ಲರೆ, ಲ್ಯಾಂಕಾಸ್ಟರ್ ವಿಮಾನದ ಒಂದು ರೆಕ್ಕೆ ತುದಿಯಿಂದ ಇನ್ನೊಂದು ತುದಿಗೆ ಎಷ್ಟಿತ್ತೋ ಅಷ್ಟೇ. ಸುತ್ತ ತುಕ್ಕುಬಣ್ಣದ ಉಕ್ಕಿನ ಗೋಡೆಗಳು, ಅದ್ರಲ್ಲಿ ಹತ್ತಿರ ಹತ್ತಿರ 58,000 ಹೆಸರು ಕೊರೆದಿದ್ದಾರೆ. ಬರೀ ಹೆಸರು, ರ‍್ಯಾಂಕ್ ಇಲ್ಲ, ಪದಕ ಇಲ್ಲ. ಭಾವ ಅದನ್ನ ನೋಡಿದ ತಕ್ಷಣ "ಇದು ಸರಿಯಾಗಿದೆ ನೋಡು" ಅಂದ್ರು.

ಬಾಂಬರ್ ಕಮಾಂಡ್ ಅಂದ್ರೆ ಬ್ರಿಟನ್ ವಾಯುಪಡೆಯ ಬಾಂಬರ್ ವಿಭಾಗ, ಅದ್ರಲ್ಲಿ ಹಾರಿದೋರು ಸುಮಾರು 1,25,000 ಜನ, ಆ ಹಾರಿದೋರಲ್ಲಿ ಸತ್ತೋರು 55,573. ಅಂದ್ರೆ ನೂರಕ್ಕೆ ನಲವತ್ನಾಲ್ಕು. ಸೆರೆ ಸಿಕ್ಕೋರು ಹತ್ತಿರ ಹತ್ತಿರ ಹತ್ತು ಸಾವಿರ. ಒಂದು ಟೂರ್ ಅಂದ್ರೆ 30 ಸಲ ಹೋಗಿ ಬರ್ಬೇಕು, ಅಷ್ಟು ಸಲ ಬದುಕಿ ಬರೋದು ಅದೃಷ್ಟ ಅಷ್ಟೇ. ಇನ್ನೊಂದು ಮಾತು ಇಲ್ಲೇ ಹೇಳ್ಬಿಡ್ತೀನಿ, ಇವರು ಹಾಕಿದ ಬಾಂಬ್‌ಗಳ ಕೆಳಗೆ ಹ್ಯಾಂಬರ್ಗ್‌ನಲ್ಲಿ, ಡ್ರೆಸ್ಡನ್‌ನಲ್ಲಿ ಸುಟ್ಟುಹೋದೋರು ಸಾಮಾನ್ಯ ಜನ, ಮಕ್ಕಳು. ಆ ಸೆಂಟರ್‌ನಲ್ಲಿ ಅವರ ಕಡೆ ಕಥೆನೂ ಇದೆ, ಮುಚ್ಚಿಟ್ಟಿಲ್ಲ, ಅದಕ್ಕೇ ನನಗೆ ಆ ಜಾಗದ ಮೇಲೆ ಗೌರವ ಜಾಸ್ತಿ ಆಯ್ತು.

ಬೆಟ್ಟದ ಮೇಲಿಂದ ಆಚೆಕಡೆ ಲಿಂಕನ್ ಕೆಥೀಡ್ರಲ್ ನೇರ ಕಾಣ್ಸುತ್ತೆ. ಹೊರಡುವಾಗ ಬರುವಾಗ ವಿಮಾನದೋರಿಗೆಲ್ಲ ಅದೇ ಗುರುತು.

ಶನಿವಾರ, ಈಸ್ಟ್ ಕರ್ಕ್‌ಬಿ

ಇಲ್ಲಿ ಬಸ್ ನಂಬ್ಕೊಂಡ್ರೆ ಆಗಲ್ಲ, ಟ್ಯಾಕ್ಸಿ ಮಾಡ್ಕೊಂಡು ಹೋದ್ವಿ. ಈಸ್ಟ್ ಕರ್ಕ್‌ಬಿ ಹಳೇ ಏರ್‌ಫೀಲ್ಡ್, ಆಮೇಲೆ ಕೋಳಿ ಫಾರ್ಮ್ ಆಗಿತ್ತು. ಫ್ರೆಡ್ ಪ್ಯಾಂಟನ್, ಹ್ಯಾರಲ್ಡ್ ಪ್ಯಾಂಟನ್ ಅಂತ ಇಬ್ಬರು ಅಣ್ಣತಮ್ಮಂದಿರು ರೈತರು, ಅವರ ದೊಡ್ಡಣ್ಣ ಕ್ರಿಸ್ಟಫರ್ 1944ರ ಮಾರ್ಚ್ 30ರ ರಾತ್ರಿ ನ್ಯೂರೆಂಬರ್ಗ್ ದಾಳಿಯಲ್ಲಿ ಸತ್ತ, ಆ ಒಂದೇ ರಾತ್ರಿ 95 ಬಾಂಬರ್‌ಗಳು ವಾಪಸ್ ಬರ್ಲಿಲ್ಲ. ಅಣ್ಣನ ನೆನಪಿಗೆ ಅಂತ ತಮ್ಮಂದಿರು ಒಂದು ಲ್ಯಾಂಕಾಸ್ಟರನ್ನೇ ಕೊಂಡು ಇಲ್ಲಿಗೆ ತಂದಿಟ್ರು. ಹೆಸರು 'ಜಸ್ಟ್ ಜೇನ್'. ಹಾರಲ್ಲ, ಆದ್ರೆ ನಾಲ್ಕು ಮರ್ಲಿನ್ ಇಂಜಿನ್ ಸ್ಟಾರ್ಟ್ ಮಾಡಿ ಹುಲ್ಲಿನ ಮೇಲೆ ಓಡಿಸ್ತಾರೆ. ಆ ಸದ್ದು ಕಿವಿಗಿಂತ ಮೊದ್ಲು ಎದೆಗೆ ತಾಕುತ್ತೆ.

ಒಳಗೆ ಹೋಗಿ ನೋಡೋಕೆ ಬಿಟ್ರು. ಹಿಂದಿನ ಬಾಗಿಲಿಂದ ಹತ್ತಿ ಬಗ್ಗಿಕೊಂಡೇ ಮುಂದೆ ಹೋಗ್ಬೇಕು, ನಡುವೆ ರೆಕ್ಕೆ ಹಿಡಿದಿರೋ ದಪ್ಪ ತೊಲೆ ಅಡ್ಡ ಬರುತ್ತೆ, ಅದನ್ನ ಹತ್ತಿ ಇಳೀಬೇಕು, ನಾನು ಬರೀ ಜಾಕೆಟ್ ಹಾಕ್ಕೊಂಡೇ ತಡಕಾಡಿದೆ, ಅವರು ದಪ್ಪ ಉಣ್ಣೆ ಬಟ್ಟೆ, ಪ್ಯಾರಾಚೂಟ್ ಹಾರ್ನೆಸ್ ಎಲ್ಲ ಹಾಕ್ಕೊಂಡು ಕತ್ತಲಲ್ಲಿ ದಾಟ್ತಿದ್ರು. ಅದಾದ್ಮೇಲೆ ಎಡಗಡೆ ನ್ಯಾವಿಗೇಟರ್ ಮೇಜು. ಅವನ ಸೀಟು ಮುಂದಕ್ಕಲ್ಲ, ಪಕ್ಕಕ್ಕೆ ತಿರುಗಿರುತ್ತೆ. ಸುತ್ತ ಪರದೆ, ಯಾಕಂದ್ರೆ ಅವನಿಗೆ ದೀಪ ಬೇಕು, ಆ ದೀಪ ಹೊರಗೆ ಕಾಣಬಾರ್ದು. ಹಾಗಾಗಿ ಏಳೆಂಟು ಗಂಟೆ ಅವನಿಗೆ ಆಕಾಶನೂ ಇಲ್ಲ, ನೆಲನೂ ಇಲ್ಲ. ಒಂದು ಚಾರ್ಟ್, ಪೆನ್ಸಿಲ್, ಡಿವೈಡರ್, ಗಡಿಯಾರ, ಮತ್ತೆ ಗೀ ಅನ್ನೋ ರೇಡಿಯೋ ಉಪಕರಣದ ಹಸಿರು ಗೆರೆಗಳು.

ಆರು ನಿಮಿಷಕ್ಕೊಂದ್ಸಲ ನಾವೆಲ್ಲಿದ್ದೀವಿ ಅಂತ ಗುರುತು ಹಾಕ್ತಿದ್ರು. ಆರೇ ಯಾಕೆ? ಗಂಟೆಯ ಹತ್ತನೇ ಒಂದು ಭಾಗ, ಲೆಕ್ಕ ಸುಲಭ. ಎರಡು ಗುರುತು ಸಿಕ್ಕಿದ್ರೆ ಗಾಳಿ ನಮ್ಮನ್ನ ಎಷ್ಟು ದೂರ, ಯಾವ ಕಡೆ ತಳ್ಳಿದೆ ಅಂತ ಗೊತ್ತಾಗುತ್ತೆ, ಅದ್ರಿಂದ ಮುಂದಿನ ದಿಕ್ಕು ಹೇಳ್ಬೋದು. ಯುರೋಪ್ ದಡ ದಾಟಿದ್ಮೇಲೆ ಜರ್ಮನರು ಗೀ ಸಿಗ್ನಲ್ ಕೆಡಿಸ್ತಿದ್ರು, ಆಗ ಹಳೇ ಗಾಳಿ ಲೆಕ್ಕದ ಮೇಲೇ ಹೋಗ್ಬೇಕು. ವಾಪಸ್ ಬಂದ್ಮೇಲೆ ಅವನ ಲಾಗ್, ಚಾರ್ಟ್ ಎರಡನ್ನೂ ನ್ಯಾವಿಗೇಷನ್ ಲೀಡರ್ ಕೂತು ಪರೀಕ್ಷೆ ಪೇಪರ್ ತರ ತಿದ್ತಿದ್ದ.

ಭಾವ ಅಲ್ಲೇ ಮೇಜಿನ ಅಂಚು ಹಿಡ್ಕೊಂಡು ತುಂಬಾ ಹೊತ್ತು ನಿಂತಿದ್ರು. ಆಮೇಲೆ ಹೇಳಿದ್ರು, "ನಮ್ಮ ಕ್ಯಾನ್‌ಬರಾ ಬಾಂಬರ್‌ನಲ್ಲಿ ಪೈಲಟ್‌ಗೆ ಎಜೆಕ್ಷನ್ ಸೀಟ್ ಇತ್ತು ಕಣೋ, ನ್ಯಾವಿಗೇಟರ್‌ಗೆ ಇರ್ಲಿಲ್ಲ. ಏನಾದ್ರೂ ಆದ್ರೆ ಅವನು ಎದ್ದು ಬಾಗಿಲು ತೆಗೆದು ಹಾರ್ಬೇಕು. ಪ್ರತಿ ಸಲ ವಿಮಾನ ಬಿಡುವಾಗ ಆ ಬಾಗಿಲನ್ನ ಎರಡೆರಡು ಸಲ ನೋಡ್ತಿದ್ದೆ." ಇಲ್ಲೂ ಹಾಗೇ. ಪ್ಯಾರಾಚೂಟ್ ಗಂಟು ಬೇರೆ ಕಡೆ ಇಟ್ಟಿರ್ತಾರೆ, ಅದನ್ನ ಕತ್ತಲಲ್ಲಿ ತಡಕಿ ಎದೆಗೆ ಸಿಕ್ಕಿಸ್ಕೊಂಡು ಮೂತಿ ಕೆಳಗಿರೋ ಸಣ್ಣ ಕಿಂಡಿಯಿಂದ ಹೊರಗೆ ಬೀಳ್ಬೇಕು, ಅಷ್ಟೊತ್ತಿಗೆ ವಿಮಾನ ಗಿರಗಿರ ತಿರುಗ್ತಿದ್ರೆ ಮುಗೀತು. ಲ್ಯಾಂಕಾಸ್ಟರ್‌ನಿಂದ ಹಾರಿ ಬದುಕಿದೋರು ಹ್ಯಾಲಿಫ್ಯಾಕ್ಸ್ ಅನ್ನೋ ಇನ್ನೊಂದು ಬಾಂಬರ್‌ಗಿಂತ ಕಮ್ಮಿ.

ಬೆಂಗಳೂರಿಗೂ ಆ ಕಾಲದ ಬಾಂಬರ್‌ಗಳಿಗೂ ಒಂದು ನಂಟಿದೆ, ಭಾವ ವಾಪಸ್ ಬರ್ತಾ ಟ್ಯಾಕ್ಸಿ ಡ್ರೈವರ್‌ಗೂ ಅದನ್ನ ಹೇಳಿದ್ರು. ಯುದ್ಧ ಮುಗಿದ್ಮೇಲೆ ಕಾನ್‌ಪುರದಲ್ಲಿ ಬಿಸಾಕಿದ್ದ ಅಮೆರಿಕನ್ ಲಿಬರೇಟರ್ ಬಾಂಬರ್‌ಗಳನ್ನ ನಮ್ಮ ಎಚ್‌ಎಎಲ್‌ನೋರು ಬೆಂಗಳೂರಿಗೆ ಹಾರಿಸ್ಕೊಂಡು ಬಂದು ರಿಪೇರಿ ಮಾಡಿ ಏರ್ ಫೋರ್ಸ್‌ಗೆ ಕೊಟ್ರು, ಅದ್ರಲ್ಲೊಂದು 1974ರಲ್ಲಿ ಬ್ರಿಟನ್ನಿನ ವಾಯುಪಡೆ ಆರ್‌ಎಎಫ್‌ನ ಮ್ಯೂಸಿಯಂಗೆ ಹೋಯ್ತು.

ಸೋಮವಾರ, ಓಬರ್‌ಉರ್ಸೆಲ್

ಭಾನುವಾರ ಪೂರ್ತಿ ಪ್ರಯಾಣದಲ್ಲೇ ಹೋಯ್ತು. ಸೋಮವಾರ ಬೆಳಿಗ್ಗೆ ಫ್ರಾಂಕ್‌ಫರ್ಟ್‌ನಿಂದ ಯು3 ಟ್ರೈನ್ ಹತ್ತಿ ಓಬರ್‌ಉರ್ಸೆಲ್‌ಗೆ. ಸೆರೆ ಸಿಕ್ಕ ಏರ್‌ಕ್ರೂನಲ್ಲಿ ಹೆಚ್ಚಿನೋರು ಮೊದ್ಲು ಬರ್ತಿದ್ದಿದ್ದೇ ಇಲ್ಲಿನ ದುಲಾಗ್ ಲುಫ್ಟ್ ಅನ್ನೋ ವಿಚಾರಣಾ ಕೇಂದ್ರಕ್ಕೆ. ಯುದ್ಧ ಆದ್ಮೇಲೆ ಅಮೆರಿಕನ್ನರು ಇಟ್ಕೊಂಡ್ರು, ಕ್ಯಾಂಪ್ ಕಿಂಗ್ ಅಂತ ಹೆಸರಾಯ್ತು, ಈಗ ಅದೇ ಹೆಸರಿನ ಲೇಔಟ್. ಸೈಕಲ್ ಹೊಡೀತಿರೋ ಮಕ್ಕಳು, ಅಂಗಳದಲ್ಲಿ ಬಟ್ಟೆ ಒಣಗ್ತಿದೆ. ನೋಡೋಕೆ ಜಾಸ್ತಿ ಏನಿಲ್ಲ, ಆದ್ರೆ ಇಲ್ಲಿ ನಡೀತಿದ್ದಿದ್ದು ತಿಳ್ಕೊಂಡು ಬಂದ್ರೆ ಸುಮ್ನೆ ನಡೆದಾಡಿದ್ರೂ ಸಾಕು.

ಹೆಸರು, ರ‍್ಯಾಂಕ್, ನಂಬರ್, ಇಷ್ಟೇ ಹೇಳ್ಬೇಕು ಅಂತ ಎಲ್ರಿಗೂ ಪಾಠ ಆಗಿರ್ತಿತ್ತು. ಬಂದೋನನ್ನ ಒಂಟಿ ಕೋಣೆಗೆ ಹಾಕ್ತಿದ್ರು. ಆಮೇಲೆ ಒಬ್ಬ ಒಳ್ಳೆ ಮಾತಿನೋನು ಬಂದು ರೆಡ್ ಕ್ರಾಸ್ ಫಾರಂ ಅಂತ ಒಂದನ್ನ ಕೊಡ್ತಿದ್ದ, ತುಂಬಿಕೊಟ್ರೆ ಮನೆಯೋರಿಗೆ ನೀನು ಬದುಕಿದ್ದೀಯ ಅಂತ ತಿಳಿಸ್ತೀವಿ ಅಂತ. ಹೆಸರು, ಊರು, ಆಮೇಲೆ ಮೆಲ್ಲಗೆ ಸ್ಕ್ವಾಡ್ರನ್ ಯಾವ್ದು, ವಿಮಾನ ಯಾವ್ದು. ಫಾರಂ ನಕಲಿ. ಮನೇಲಿ ಅಮ್ಮ, ಹೆಂಡತಿ ಟೆಲಿಗ್ರಾಂ ಹಿಡ್ಕೊಂಡು ಅಳ್ತಿರ್ತಾರೆ ಅಂತ ಗೊತ್ತಿದ್ದೂ ಆ ಪೆನ್ನು ಕೆಳಗಿಡೋದು ಎಂಥ ಕಷ್ಟ ಯೋಚ್ನೆ ಮಾಡಿ. ಬಗ್ಗದೇ ಇದ್ರೆ ಕೆಲವರ ಕೋಣೆ ಹೀಟರನ್ನ ತಡೆಯೋಕೆ ಆಗದಷ್ಟು ಏರಿಸ್ತಿದ್ರು, ಯುದ್ಧ ಮುಗಿದ್ಮೇಲೆ ಇಲ್ಲಿನ ಕಮಾಂಡೆಂಟ್ ಎರಿಕ್ ಕಿಲಿಂಗರ್‌ಗೆ ಅದೇ ಕಾರಣಕ್ಕೆ ಶಿಕ್ಷೆ ಆಯ್ತು.

ನ್ಯಾವಿಗೇಟರ್ ಸಿಕ್ಕಿದ್ರೆ ಇವರಿಗೆ ಹಬ್ಬ. ಗೀ ಹೇಗೆ ಕೆಲಸ ಮಾಡುತ್ತೆ, ಎಚ್2ಎಸ್ ರೇಡಾರ್‌ನಲ್ಲಿ ಏನು ಕಾಣುತ್ತೆ, ಇವತ್ತಿನ ದಾರಿ ಯಾವ್ದು, ಎಲ್ಲ ಗೊತ್ತಿರೋದು ಪರದೆ ಹಿಂದೆ ಕೂತೋನಿಗೇ.

ಮಂಗಳವಾರ, ಜಾಗಾನ್ ದಾರಿ

ಬರ್ಲಿನ್‌ವರೆಗೆ ರೈಲು, ಅಲ್ಲಿಂದ ಬಾಡಿಗೆ ಕಾರು. ಕಾಟ್‌ಬುಸ್ ದಾಟಿ ಪೋಲೆಂಡ್ ಗಡಿ ಆದ್ಮೇಲೆ ಎರಡೂ ಕಡೆ ಪೈನ್ ಕಾಡು, ಬುಡದಲ್ಲಿ ಬರೀ ಮರಳು. ಸಂಜೆ ಜಾಗಾನ್ ರೈಲ್ವೆ ಸ್ಟೇಷನ್ ಹತ್ರ ಕಾರು ನಿಲ್ಸಿ ಸ್ವಲ್ಪ ಹೊತ್ತು ನಿಂತ್ವಿ. ಆಗ ಈ ಊರು ಜರ್ಮನಿದು, ಹೆಸರು ಸಾಗಾನ್. 1943ರ ಅಕ್ಟೋಬರ್ 29ರ ಸಂಜೆ ವಿಲಿಯಮ್ಸ್, ಅವನ ಜೊತೆ ಸೆರೇಲಿದ್ದ ಮೈಕಲ್ ಕಾಡ್ನರ್ ಇಬ್ಬರೂ ಫ್ರೆಂಚ್ ಕೂಲಿಕಾರರ ವೇಷದಲ್ಲಿ ಇಲ್ಲೇ ಟ್ರೈನ್ ಹತ್ತಿದ್ರು. ಅವರ ಜೊತೆ ಸುರಂಗದಿಂದ ಬಂದ ಆಲಿವರ್ ಫಿಲ್‌ಪಾಟ್ ಮಾತ್ರ ನಾರ್ವೆಯ ಮಾರ್ಗರೀನ್ ವ್ಯಾಪಾರಿ ಅಂತ ಹೇಳ್ಕೊಂಡು ಬೇರೆ ದಾರಿ ಹಿಡಿದು ಡ್ಯಾನ್‌ಜಿಗ್‌ಗೆ ಹೋದ. ಮೊದಲಿಬ್ಬರು ಸ್ಟೆಟಿನ್ ಬಂದರಿಗೆ ಹೋಗಿ ಹಡಗಲ್ಲಿ ಡೆನ್ಮಾರ್ಕ್, ಅಲ್ಲಿಂದ ಸ್ವೀಡನ್. ಮೂರೂ ಜನ ಮನೆ ಸೇರಿದ್ರು.

ಬುಧವಾರ, ಸ್ಟಾಲಾಗ್ ಲುಫ್ಟ್ 3

ಸ್ಟಾಲಾಗ್ ಲುಫ್ಟ್ 3 ಅಂದ್ರೆ ಸೆರೆ ಸಿಕ್ಕ ವಿಮಾನದ ಆಫೀಸರ್‌ಗಳನ್ನ ಜರ್ಮನರು ಇಟ್ಟಿದ್ದ ಕ್ಯಾಂಪ್, ವಿಲಿಯಮ್ಸ್ ತಪ್ಪಿಸ್ಕೊಂಡಿದ್ದು ಇಲ್ಲಿಂದ್ಲೇ. ಊರಾಚೆ ಅದ್ರ ಮ್ಯೂಸಿಯಂ. ಪಕ್ಕದಲ್ಲೇ ಸ್ಟಾಲಾಗ್ 8ಸಿ ಅಂತ ಇನ್ನೊಂದು ಕ್ಯಾಂಪ್ ಇತ್ತು, ಸಾಮಾನ್ಯ ಸಿಪಾಯಿಗಳದ್ದು. ಒಳಗೆ 104ನೇ ಗುಡಿಸಲಿನ ಮಾದರಿ ಕಟ್ಟಿದ್ದಾರೆ, ಕಾವಲು ಗೋಪುರ ಇದೆ, ಸುರಂಗದ ಒಂದು ತುಂಡಿನ ಮಾದರಿನೂ ಇದೆ.

ಇಲ್ಲಿನ ಮಣ್ಣು ನೋಡಿದ್ರೇನೇ ಅರ್ಧ ಕಥೆ ಅರ್ಥ ಆಗುತ್ತೆ. ಚಪ್ಪಲಿ ತುದೀಲಿ ಒಂಚೂರು ಕೆದಕಿದೆ, ಮೇಲೆ ಬೂದು, ಎರಡು ಬೆರಳು ಕೆಳಗೆ ಹೋದ್ರೆ ಹಳದಿ ಮರಳು, ಕೈಲಿ ಹಿಡಿದ್ರೆ ಬೆರಳ ಸಂದಿಂದ ಸುರಿದು ಹೋಗುತ್ತೆ. ತೋಡಿದ್ರೆ ಕುಸಿಯುತ್ತೆ, ತೋಡಿದ್ದನ್ನ ಚೆಲ್ಲಿದ್ರೆ ಬಣ್ಣದಿಂದ್ಲೇ ಸಿಕ್ಕಿಬೀಳ್ತಾರೆ. ಜರ್ಮನರು ಬೇಕಂತಲೇ ಇಂಥ ಜಾಗ ಆರಿಸಿದ್ರು. ಅದೂ ಸಾಲ್ದು ಅಂತ ನೆಲದೊಳಗೆ ಮೈಕ್ರೊಫೋನ್ ಹೂತಿದ್ರು.

ವಿಲಿಯಮ್ಸ್, ಕಾಡ್ನರ್ ಇದಕ್ಕೆ ಕಂಡ್ಕೊಂಡ ಉಪಾಯ ಹೀಗೆ. ರೆಡ್ ಕ್ರಾಸ್ ಪೆಟ್ಟಿಗೆ ಹಲಗೆಗಳಿಂದ ವ್ಯಾಯಾಮದ ಮರದ ಕುದುರೆ ಮಾಡಿದ್ರು, ದಿನಾ ಅದನ್ನ ಬೇಲಿ ಹತ್ರ ಒಂದೇ ಜಾಗಕ್ಕೆ ಹೊತ್ಕೊಂಡು ಹೋಗೋದು, ಒಳಗೆ ಒಬ್ಬ ಕೆಲವೊಮ್ಮೆ ಇಬ್ಬರು ಕೂತಿರೋದು, ಹೊರಗಿನೋರು ಗಂಟೆಗಟ್ಟಲೆ ಅದ್ರ ಮೇಲಿಂದ ಹಾರೋದು, ಹಾರೋ ಧಡಧಡ ಸದ್ದಲ್ಲಿ ಅಗೆಯೋ ಸದ್ದು ಮೈಕ್ರೊಫೋನ್‌ಗೆ ಕೇಳಲ್ಲ. ಅಗೆದ ಮರಳನ್ನ ಪ್ಯಾಂಟ್ ಕಾಲಿಂದ ಹೊಲಿದ ಚೀಲಕ್ಕೆ ತುಂಬಿ ಕುದುರೆ ಒಳಗೆ ನೇತುಹಾಕಿ, ಕಿಂಡಿ ಮುಚ್ಚಿ, ಮೇಲೆ ಬೂದು ಮಣ್ಣು ಹರಡಿ ವಾಪಸ್. ಜುಲೈಯಿಂದ ಅಕ್ಟೋಬರ್‌ವರೆಗೆ 30 ಮೀಟರ್ ಮೇಲೆ ತೋಡಿದ್ರು. ಅರೆಹೊಟ್ಟೆ ಊಟದಲ್ಲಿ ಅಷ್ಟು ಸಾವಿರ ಸಲ ಹಾರಿದೋರಲ್ಲಿ ಹೆಚ್ಚಿನೋರು ಆ ಸುರಂಗದಿಂದ ಹೋಗೋರಲ್ಲ. ಭಾವ ಅದನ್ನೇ ಹಿಡ್ಕೊಂಡ್ರು, "ಹಾರಿದೋರ ಹೆಸರು ಎಲ್ಲಿ ಬರ್ದಿದೆ?" ಅಂತ ನನ್ನ ಕೇಳಿದ್ರು. ನಾನೇನು ಹೇಳ್ಲಿ.

ಉತ್ತರದ ಕಾಂಪೌಂಡ್‌ನಲ್ಲಿ ರೋಜರ್ ಬುಷೆಲ್ ಅನ್ನೋ ಕೈದಿಯ ನಾಯಕತ್ವದಲ್ಲಿ ಬೇರೆಯೋರು ತೋಡಿದ್ದು ಟಾಮ್, ಡಿಕ್, ಹ್ಯಾರಿ ಅಂತ ಮೂರು ಸುರಂಗ. ಹ್ಯಾರಿ ನೆಲದಿಂದ ಒಂಬತ್ತು ಮೀಟರ್ ಆಳ, ನೂರು ಮೀಟರ್‌ಗಿಂತ ಉದ್ದ. ಮಂಚದ ಹಲಗೆ ಸುಮಾರು 4,000, ಕ್ಲಿಮ್ ಅನ್ನೋ ಹಾಲಿನಪುಡಿ ಡಬ್ಬ 1,400ಕ್ಕೂ ಮೇಲೆ, ಅವನ್ನ ಒಂದಕ್ಕೊಂದು ಸಿಕ್ಕಿಸಿ ಗಾಳಿ ಕೊಳವೆ ಮಾಡಿದ್ರು. ಈಗ ಕಾಡೊಳಗೆ ಸುರಂಗದ ದಾರಿಯನ್ನ ಕಲ್ಲು ಹಾಸಿ ಗುರುತು ಮಾಡಿದ್ದಾರೆ, ಅದ್ರ ಮೇಲೆ ನಡೆದ್ವಿ, ಕೊನೇಲಿ ಬಾಯಿ ಇದ್ದ ಜಾಗದಲ್ಲಿ ಬರಹದ ಕಲ್ಲು. ಮರಗಳ ಸಾಲು ಮುಟ್ಟೋಕೆ ಇನ್ನೂ ಇತ್ತು ಅನ್ನುವಾಗ್ಲೇ ಸುರಂಗ ಮೇಲೆ ಬಂದಿತ್ತು. 1944ರ ಮಾರ್ಚ್ 24ರ ರಾತ್ರಿ 76 ಜನ ಹೊರಗೆ ಬಂದ್ರು, ಬೆಳಗಿನ ಜಾವ ಐದಕ್ಕೆ ಮುಂಚೆ ಕಾವಲುಗಾರನ ಕಣ್ಣಿಗೆ ಬಿತ್ತು.

ಆ ರಾತ್ರೀನೇ ಬರ್ಲಿನ್ ಮೇಲೆ 811 ವಿಮಾನಗಳ ದಾಳಿ ಇತ್ತು. ವೈಮಾನಿಕ ದಾಳಿ ಅಂತ ಕ್ಯಾಂಪ್‌ನಲ್ಲಿ ಕರೆಂಟ್ ತೆಗೆದ್ರು, ಸುರಂಗದೊಳಗೆ ಕದ್ದ ತಂತಿಯಲ್ಲಿ ಉರೀತಿದ್ದ ಬಲ್ಬ್‌ಗಳೂ ಆರಿಹೋದ್ವು, ಕೆಲಸ ಒಂದು ಗಂಟೆ ಮೇಲೆ ನಿಂತೋಯ್ತು. ಆಗ ಮೇಲೆ ಏನಾಗ್ತಿತ್ತು ಅಂತ ನೋಡಿ. ಉತ್ತರದಿಂದ ಗಂಟೆಗೆ ನೂರು ಮೈಲಿ ದಾಟಿದ ಗಾಳಿ. ಕೆಲವು ಅನುಭವಸ್ಥ ನ್ಯಾವಿಗೇಟರ್‌ಗಳು ಅದನ್ನ ಲೆಕ್ಕ ಹಾಕಿ ರೇಡಿಯೋದಲ್ಲಿ ಇಂಗ್ಲೆಂಡಿಗೆ ಕಳಿಸಿದ್ರು, ಅಲ್ಲಿ ಕೂತೋರು ಇಷ್ಟೊಂದು ಗಾಳಿ ಇರೋಕೆ ಸಾಧ್ಯನೇ ಇಲ್ಲ ಅಂತ ನಂಬದೆ ಅಂಕಿ ಇಳಿಸಿ ಎಲ್ಲ ವಿಮಾನಗಳಿಗೂ ವಾಪಸ್ ಹೇಳಿದ್ರು. ಇಡೀ ಪಡೆ ದಕ್ಷಿಣಕ್ಕೆ ತೇಲಿ ಚೆದುರಿಹೋಯ್ತು, ವಿಮಾನ ಹೊಡೆಯೋ ಫಿರಂಗಿಗಳಿದ್ದ ಊರುಗಳ ಮೇಲೇ ಹೋಗಿ 72 ವಿಮಾನ ಕಳ್ಕೊಂಡ್ರು. ಪರದೆ ಹಿಂದೆ ಕೂತೋನು ಸರಿಯಾದ ಲೆಕ್ಕನೇ ಕೊಟ್ಟಿದ್ದ, ಮೇಲಿನೋರು ನಂಬಲಿಲ್ಲ. ಅದೇ ಹೊತ್ತಿಗೆ ಕೆಳಗೆ ಕತ್ತಲಲ್ಲಿ ಮಲಗಿದ್ದೋರಲ್ಲಿ ಎಷ್ಟೋ ಜನ ಅದೇ ಕೆಲಸ ಮಾಡಿದೋರು. ಆ ಕಲ್ಲಿನ ಹತ್ರ ನಿಂತು ಇದನ್ನ ಭಾವಂಗೆ ಹೇಳುವಾಗ ನನ್ನ ಗಂಟಲು ಕಟ್ಟಿತು.

ಗುರುವಾರ, ಮುಸ್ಕಾವ್

1945ರ ಜನವರಿ 27ರ ರಾತ್ರಿ, ಸೋವಿಯತ್ ಸೇನೆ ಹತ್ರ ಬಂತು ಅಂತ ಕ್ಯಾಂಪ್ ಖಾಲಿ ಮಾಡಿಸಿದ್ರು. ಹತ್ತು ಸಾವಿರದಷ್ಟು ಜನ, ಮೈನಸ್ 20 ಡಿಗ್ರಿ ಚಳಿ, ದಾರಿ ತುಂಬ ಹಿಮ. ಮಂಚದ ಹಲಗೇಲಿ ಜಾರುಬಂಡಿ ಮಾಡ್ಕೊಂಡು ಅದ್ರ ಮೇಲೆ ಇದ್ದಬದ್ದ ಊಟ ಕಟ್ಕೊಂಡು ನಡೆದ್ರು. ನಾವು ಅದೇ ದಾರೀಲಿ ಇಲೋವಾ, ಪ್ಶೆವೂಜ್ ಮೇಲೆ ಮುಸ್ಕಾವ್‌ಗೆ ಕಾರಲ್ಲಿ ಹೋದ್ವಿ, ಹೀಟರ್ ಹಾಕ್ಕೊಂಡು ಒಂದು ಗಂಟೆ. ಅವರಿಗೆ ದಿನಗಳು ಬೇಕಾದ್ವು, ರಾತ್ರಿ ಕೊಟ್ಟಿಗೆ, ಚರ್ಚು ಎಲ್ಲಿ ಜಾಗ ಸಿಕ್ತೋ ಅಲ್ಲಿ. ಮುಸ್ಕಾವ್‌ನ ಗಾಜಿನ ಕಾರ್ಖಾನೇಲಿ ಕುಲುಮೆ ಬಿಸಿ ಇತ್ತು ಅಂತ ಕೆಲವರು ಬದುಕಿದ್ರು. ಮುಂದೆ ಸ್ಪ್ರೆಂಬರ್ಗ್‌ನಲ್ಲಿ ದನ ಸಾಗಿಸೋ ವ್ಯಾಗನ್‌ಗೆ ತುಂಬಿ ಬೇರೆ ಬೇರೆ ಕ್ಯಾಂಪ್‌ಗಳಿಗೆ ಕಳಿಸಿದ್ರು. ಅದೇ ರಸ್ತೇಲಿ ಜರ್ಮನ್ ಹೆಂಗಸರು ಮಕ್ಕಳು ಗಾಡಿ ಎಳ್ಕೊಂಡು ಓಡಿಹೋಗ್ತಿದ್ರು.

ಈಗ ಮುಸ್ಕಾವ್‌ಗೆ ಜನ ಬರೋದು ನದಿಯ ಎರಡೂ ದಡದಲ್ಲಿರೋ ದೊಡ್ಡ ಪಾರ್ಕ್ ನೋಡೋಕೆ, ಯುನೆಸ್ಕೊ ಪಟ್ಟೀಲಿದೆ, ಚೆನ್ನಾಗಿದೆ. ನಮಗೆ ಅದ್ರಲ್ಲಿ ಮನಸ್ಸು ನಿಲ್ಲಲಿಲ್ಲ.

ಶುಕ್ರವಾರ, ಪೊಜ್ನಾನ್

ಹ್ಯಾರಿ ಸುರಂಗದಿಂದ ತಪ್ಪಿಸ್ಕೊಂಡ 76ರಲ್ಲಿ ಮನೆ ಮುಟ್ಟಿದ್ದು ಮೂರೇ ಜನ. 73 ಜನ ಸಿಕ್ಕಿಬಿದ್ರು, ಹಿಟ್ಲರ್ ಆಜ್ಞೆ ಮೇಲೆ ಅದ್ರಲ್ಲಿ 50 ಜನರನ್ನ ಗೆಸ್ಟಾಪೊದೋರು, ಅಂದ್ರೆ ಅವನ ರಹಸ್ಯ ಪೊಲೀಸರು, ಒಬ್ಬಿಬ್ಬರಂತೆ ಕಾರಲ್ಲಿ ಕರ್ಕೊಂಡು ಹೋಗಿ ರಸ್ತೆ ಬದೀಲಿ ಗುಂಡು ಹಾಕಿ, ಓಡೋಕೆ ನೋಡಿದ್ರು ಅಂತ ಬರೆದ್ಕೊಂಡ್ರು. ಆರ್‌ಎಎಫ್‌ನೋರು ಯುದ್ಧದ ನಂತರ ಬಿಡದೆ ಹುಡುಕಿ ಕೋರ್ಟಿಗೆ ತಂದ್ರು, 1948ರಲ್ಲಿ 13 ಜನರಿಗೆ ಗಲ್ಲಾಯ್ತು.

ಆ ಐವತ್ತರಲ್ಲಿ 48 ಜನರ ಚಿತಾಭಸ್ಮ ಪೊಜ್ನಾನ್‌ನ ಸಿಟಾಡೆಲ್ ಪಾರ್ಕ್ ಇಳಿಜಾರಲ್ಲಿರೋ ಓಲ್ಡ್ ಗ್ಯಾರಿಸನ್ ಸ್ಮಶಾನದಲ್ಲಿದೆ. ಬಿಳಿ ಕಲ್ಲುಗಳ ಸಾಲು. ಕೆನಡಾದ ಜಾರ್ಜ್ ಮೆಕ್‌ಗಿಲ್, ಜೇಮ್ಸ್ ವರ್ನ್‌ಹ್ಯಾಮ್ ಇಬ್ಬರೂ ನ್ಯಾವಿಗೇಟರ್‌ಗಳು, ಆಗಿನ ಲೆಕ್ಕದಲ್ಲಿ ಅಬ್ಸರ್ವರ್. ಪೋಲೆಂಡ್‌ನ ಆರು ಜನರಲ್ಲೂ ಹೆಚ್ಚಿನೋರು ಅಬ್ಸರ್ವರ್‌ಗಳೇ. ಅವರಲ್ಲಿ ಪಾವೆಲ್ ಟೊಬೊಲ್‌ಸ್ಕಿ ಜರ್ಮನ್ ಸಿಪಾಯಿ ವೇಷದಲ್ಲಿ ಸ್ಟೆಟಿನ್‌ವರೆಗೂ ಹೋಗಿದ್ದ, ಅಲ್ಲಿ ಸಿಕ್ಕಿಬಿದ್ದ. ತನ್ನ ದೇಶದ ಮಣ್ಣಲ್ಲೇ ಈಗಿದ್ದಾನೆ.

ಭಾವ ಅಲ್ಲೇ ಬೆಂಚ್ ಮೇಲೆ ಕೂತು ನಮ್ಮ ಕಾರ್ಯಪ್ಪನವರ ವಿಷಯ ತೆಗೆದ್ರು. 1965ರ ಯುದ್ಧದಲ್ಲಿ ಫೀಲ್ಡ್ ಮಾರ್ಷಲ್ ಅವರ ಮಗ ನಂದಾ ಕಾರ್ಯಪ್ಪ ಹಂಟರ್ ವಿಮಾನದಲ್ಲಿ ಹೋಗಿ ಪಾಕಿಸ್ತಾನದಲ್ಲಿ ಸೆರೆ ಸಿಕ್ಕಿದ್ರು, ಅಯೂಬ್ ಖಾನ್ ಹಳೇ ಪರಿಚಯದ ಮೇಲೆ ಬಿಟ್ಟುಬಿಡ್ತೀನಿ ಅಂದಾಗ ಅಪ್ಪ ಒಪ್ಪಲಿಲ್ಲ, ಎಲ್ಲ ಸೆರೆಯಾಳುಗಳೂ ನನ್ನ ಮಕ್ಕಳೇ ಅಂದ್ರು ಅಂತ ಕೊಡಗಿನಲ್ಲಿ, ಸೇನೇಲಿ ಎಲ್ಲ ಕಡೆ ಹೇಳ್ತಾರೆ.

"ಆದ್ರೆ ನೋಡು," ಭಾವ ಅಂದ್ರು, "ನೀನು ತೋರಿಸಿದ್ದೆಲ್ಲ ಆಫೀಸರ್‌ಗಳ ಕ್ಯಾಂಪ್. ನ್ಯಾವಿಗೇಟರ್‌ಗಳಲ್ಲಿ ಸಾರ್ಜೆಂಟ್‌ಗಳು ಇರ್ಲಿಲ್ವಾ?"

ಇದ್ರು, ಬೇಕಾದಷ್ಟು ಜನ. ಒಂದೇ ವಿಮಾನದಿಂದ ಹಾರಿದ ಪೈಲಟ್ ಆಫೀಸರ್ ಆಗಿದ್ರೆ ಸಾಗಾನ್‌ಗೆ, ನ್ಯಾವಿಗೇಟರ್ ಸಾರ್ಜೆಂಟ್ ಆಗಿದ್ರೆ ಹೈಡೆಕ್ರುಗ್ ಕ್ಯಾಂಪ್‌ಗೋ ಲಾಮ್ಸ್‌ಡಾರ್ಫ್ ಕ್ಯಾಂಪ್‌ಗೋ. ಲಾಮ್ಸ್‌ಡಾರ್ಫ್‌ನಲ್ಲಿ 1942ರ ಅಕ್ಟೋಬರ್‌ನಿಂದ, ಫ್ರಾನ್ಸಿನ ಡಿಯೆಪ್ ಬಂದರಿನ ಮೇಲೆ ಮಿತ್ರಪಡೆ ಮಾಡಿದ್ದ ದಾಳಿಗೆ ಸೇಡು ಅಂತ ಸೆರೆಯಾಳುಗಳ ಕೈಗೆ ತಿಂಗಳುಗಟ್ಟಲೆ ಬೇಡಿ ಹಾಕಿದ್ರು. ಅವರೂ 1945ರ ಹಿಮದಲ್ಲಿ ನಡೆದ್ರು, ಇನ್ನೂ ದೂರ, ಇನ್ನೂ ಹೆಚ್ಚು ದಿನ. ಲಾಮ್ಸ್‌ಡಾರ್ಫ್‌ನ ಈಗಿನ ಹೆಸರು ವಾಂಬಿನೋವಿಟ್ಸೆ, ಓಪೊಲೆ ಊರಿನ ಹತ್ರ, ಯುದ್ಧಕೈದಿಗಳದ್ದೇ ಒಂದು ದೊಡ್ಡ ಮ್ಯೂಸಿಯಂ ಇದೆ. ರಾತ್ರಿ ಹೋಟೆಲ್‌ನಲ್ಲಿ ಭಾವ ಫೋನ್ ಹಿಡ್ಕೊಂಡು ಪೊಜ್ನಾನ್‌ನಿಂದ ಓಪೊಲೆಗೆ ಬೆಳಿಗ್ಗೆ ಯಾವ ಟ್ರೈನ್ ಇದೆ ಅಂತ ಹುಡುಕ್ತಾ ಕೂತ್ರು, ನಾನು ಆಫೀಸಿಗೆ ಇನ್ನೆರಡು ದಿನ ರಜೆ ಬೇಕು ಅಂತ ಮೆಸೇಜ್ ಹಾಕ್ದೆ.